ಹದಿನೇಳನೇ ತಟ್ಟೆ

ಹನುಮಕ್ಕನ ನಾಲಗೆ ಸತ್ತಿದೆ ಎಂಬುದು ಮೊದಲು ಗೊತ್ತಾದದ್ದು ಅವಳಿಗಲ್ಲ, ಇನ್ನೂರ ನಲವತ್ತು ಮಕ್ಕಳಿಗೆ.

ಆವತ್ತು ಬುಧವಾರ. ತುಮಕೂರಿನ ರೈಲು ಹಳಿಯ ಆಚೆ ಬದಿಯ ಸರ್ಕಾರಿ ಶಾಲೆಯಲ್ಲಿ ಅನ್ನ, ಸೊಪ್ಪಿನ ಸಾರು. ಮೊದಲ ಸಾಲಿನ ಮಕ್ಕಳು ಒಂದು ತುತ್ತು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ಮುಂದಕ್ಕೆ ನೂಕಿ, “ಅಕ್ಕಾ, ಸಾರ್ಗೆ ಸಮುದ್ರ ಸುರಿದಿದೀರಾ?” ಎಂದಳು. ಹನುಮಕ್ಕ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಬಿಸಿ ಗೊತ್ತಾಯಿತು. ಮೆಣಸಿನಕಾಯಿಯ ಉರಿ ಗೊತ್ತಾಯಿತು. ಉಪ್ಪು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು, ದಾರ ಕಟ್ಟಿ ತೂಗುಬಿಟ್ಟ ಒಂದು ಪುಸ್ತಕವಿತ್ತು. ರುಚಿ ಪುಸ್ತಕ ಎನ್ನುತ್ತಿದ್ದರು. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಮುಖ್ಯ ಅಡುಗೆಯವಳು ತಾನು ಉಂಡು, ಹೊತ್ತು ಬರೆದು, ಸಹಿ ಹಾಕಬೇಕು. ಉಣ್ಣದೆ ಸಹಿ ಹಾಕುವಂತಿಲ್ಲ. ಹನುಮಕ್ಕ ಆವತ್ತೂ ಉಂಡೇ ಸಹಿ ಹಾಕಿದ್ದಳು. ‘ಹದವಾಗಿದೆ’ ಎಂದು ಬರೆದಿದ್ದಳು. ಸುಳ್ಳು ಬರೆದವಳಲ್ಲ, ಅವಳ ಬಾಯಿ ಅವಳಿಗೇ ಸುಳ್ಳು ಹೇಳಿತ್ತು.

ಬೆರಳ ತುದಿ ಜೋಮು ಹಿಡಿಯುವುದು, ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಕಣ್ಣು ಮಂಜಾಗುವುದು, ಎಡಗಾಲು ಎಳೆದಂತಾಗುವುದು ಒಂದು ವರ್ಷದಿಂದ ನಡೆದೇ ಇತ್ತು. ನಲವತ್ತಕ್ಕೆ ಇವೆಲ್ಲ ಬರುತ್ತವೆ ಎಂದುಕೊಂಡು ಅವಳು ಸುಮ್ಮನಿದ್ದಳು. ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದ ಡಾಕ್ಟರು ಬಿಳಿ ಚುಕ್ಕೆಗಳನ್ನು ತೋರಿಸಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು ಹೇಳಿದರು. ಅವಳಿಗೆ ಅರ್ಥವಾಗುವಂತೆ ಗ್ರೈಂಡರಿನ ವೈರನ್ನು ಉದಾಹರಣೆ ಕೊಟ್ಟರು. ನರದ ಮೇಲೆ ಒಂದು ಹೊದಿಕೆ ಇರುತ್ತದೆ, ವೈರಿನ ಮೇಲಿನ ರಬ್ಬರಿನ ಹಾಗೆ. ಮೈ ಕಾಯಬೇಕಾದ ಕಾವಲುಗಾರರೇ ದಾರಿ ತಪ್ಪಿ ಆ ಹೊದಿಕೆಯನ್ನು ಕಡಿದುಹಾಕುತ್ತಾರೆ. ಎಲ್ಲಿ ಕಡಿದರೋ ಅಲ್ಲಿ ಸುದ್ದಿ ಸೋರಿಹೋಗುತ್ತದೆ. ಕೆಲವರಿಗೆ ಕಣ್ಣಿನದು, ಕೆಲವರಿಗೆ ಕಾಲಿನದು. ಇವಳಿಗೆ ಅವುಗಳ ಜೊತೆ ನಾಲಗೆಯದೂ. ಒಲೆಯ ಕಾವು ತಾಕಿದರೆ ಸೋರುವುದು ಇನ್ನೂ ಜಾಸ್ತಿ.

“ಮತ್ತೆ ಖಾರ ಗೊತ್ತಾಯ್ತದಲ್ಲ ಸಾರ್?”

“ಖಾರ ರುಚಿಯಲ್ಲಮ್ಮ, ಅದು ಉರಿ. ಉರಿ ಬೇರೆ ನರದಲ್ಲಿ ಹೋಗುತ್ತೆ. ಆ ನರ ಚೆನ್ನಾಗಿದೆ.”

“ಉರಿಯೋದೊಂದು ಉಳಿಸಿದಾನೆ ದೇವ್ರು” ಎಂದು ಹನುಮಕ್ಕ ಚೀಟಿ ಮಡಚಿಕೊಂಡು ಎದ್ದಳು.

ಅವಳಿಗೆ ಸೌಟು ಸುಮ್ಮನೆ ಸಿಕ್ಕಿದ್ದಲ್ಲ. ಆರು ವರ್ಷ ಆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿದ್ದಳು, ಪಾತ್ರೆ ತಿಕ್ಕಿದ್ದಳು. ಹೊಲೇರ ಹೆಂಗಸು ಒಲೆಯ ಮುಂದೆ ನಿಲ್ಲಬಾರದು ಎಂದು ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯದೇ ಇದ್ದದ್ದರಿಂದ ಅದನ್ನು ಅಳಿಸುವುದಕ್ಕೂ ಆಗುತ್ತಿರಲಿಲ್ಲ. ಹಿಂದಿನ ಮುಖ್ಯ ಅಡುಗೆಯವಳು ನಿವೃತ್ತಳಾದ ದಿನ ಹನುಮಕ್ಕ ನಿಯಮದ ಪುಸ್ತಕ ತಂದು, ಸೇವಾ ಹಿರಿತನದ ಪುಟ ತೆರೆದು, ಹೆಡ್‌ಮಾಸ್ತರ ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಸಂಜೆಯವರೆಗೂ ಕೂತಿದ್ದಳು. ಮೊದಲ ತಿಂಗಳು ಹನ್ನೊಂದು ಮಕ್ಕಳು ಮನೆಯಿಂದ ಡಬ್ಬಿ ತಂದರು. ಎರಡನೇ ತಿಂಗಳು ನಾಲ್ವರು. ದಸರಾ ರಜೆ ಮುಗಿಯುವ ಹೊತ್ತಿಗೆ ಡಬ್ಬಿಗಳು ಮನೆಯಲ್ಲೇ ಉಳಿದವು.

ಈಗ ಅದೇ ಹೆಡ್‌ಮಾಸ್ತರು ಅಳುಕುತ್ತ ಹೇಳಿದರು: “ಜೂನ್ ಹದಿನೈದರೊಳಗೆ ರುಚಿ ಗೊತ್ತಾಗುತ್ತೆ ಅಂತ ಒಂದು ಪ್ರಮಾಣಪತ್ರ ತನ್ನಿ. ಇಲ್ಲದಿದ್ರೆ ಸೌಟು ಇನ್ನೊಬ್ಬರಿಗೆ ಕೊಡಬೇಕಾಗುತ್ತೆ. ನಿಯಮ.”

ನಿಯಮವನ್ನು ತೋರಿಸಿ ಸೌಟು ಹಿಡಿದವಳು ನಿಯಮಕ್ಕೆ ಏನು ಹೇಳಿಯಾಳು?

*

ಊರಾಚೆ ಕಾರ್ಖಾನೆಗಳ ಸಾಲಿನ ಹಿಂದೆ ನರಸೇತು ಪ್ರಯೋಗಾಲಯವಿತ್ತು. ನಾಲಗೆ ಸತ್ತವರಿಗೆ ರುಚಿ ತರಿಸುವ ಯಂತ್ರವನ್ನು ಅಲ್ಲಿ ಮಾಡಿದ್ದರು. ಪರೀಕ್ಷೆಗೆ ಇದೇ ರೋಗದ ಹನ್ನೆರಡು ಜನ ಬೇಕಾಗಿತ್ತು. ಹನುಮಕ್ಕ ಹನ್ನೆರಡನೆಯವಳು.

ಯಂತ್ರ ಎಂದರೆ ಎರಡು ತುಂಡು. ಒಂದು, ಅಂಗುಳಕ್ಕೆ ಅಂಟುವ ತೆಳುವಾದ ಪಟ್ಟಿ; ಬಾಯಿಗೆ ಬಂದದ್ದರಲ್ಲಿ ಏನೇನಿದೆ ಎಂದು ಅದು ಓದುತ್ತಿತ್ತು. ಇನ್ನೊಂದು, ಕಿವಿಯ ಹಿಂದೆ ಚರ್ಮದಡಿ ಕೂರಿಸಿದ ಗುಂಡಿ. ಪಟ್ಟಿ ಓದಿದ್ದನ್ನು ಗುಂಡಿಯು ಪ್ರಯೋಗಾಲಯದ ರುಚಿಭಂಡಾರಕ್ಕೆ ಕೇಳುತ್ತಿತ್ತು. ಅಲ್ಲಿಂದ ಬಂದ ಉತ್ತರವನ್ನು ನೇರವಾಗಿ ಮಿದುಳಿಗೆ ನುಡಿಸುತ್ತಿತ್ತು. ಕೆಟ್ಟ ರಸ್ತೆಯ ರಿಪೇರಿಯಲ್ಲ, ಸುತ್ತುಹಾದಿ.

“ಭಂಡಾರದಲ್ಲಿ ಇರೋದು ಯಾರ ರುಚಿ?” ಎಂದು ಹನುಮಕ್ಕ ಕೇಳಿದಳು.

ಕೇಳಿದ್ದು ಡಾಕ್ಟರ್ ಅನಘಾಳನ್ನು. ಮೂವತ್ತೆರಡರ ಹೆಂಗಸು, ಈ ಯಂತ್ರದ ಅರ್ಧ ಕೆಲಸ ಅವಳದೇ. ರೋಗಿಗಳನ್ನು ಹೆಸರು ಹಿಡಿದು ಬಹುವಚನದಲ್ಲಿ ಮಾತಾಡಿಸುವವಳು, ಮೆಟ್ಟಿಲಲ್ಲಿ ತಾನೇ ಕೈ ಹಿಡಿದು ಹತ್ತಿಸುವವಳು.

“ಇಪ್ಪತ್ನಾಲ್ಕು ಜನ ಆರೋಗ್ಯವಂತರು ಹನುಮಕ್ಕ ಅವ್ರೇ. ರುಚಿಕಾರರು ಅಂತೀವಿ. ಅವ್ರಿಗೆ ಆರುನೂರು ಬಗೆ ಆಹಾರ ಕೊಟ್ಟು, ತಿನ್ನುವಾಗ ಅವ್ರ ಮಿದುಳಲ್ಲಿ ಏನಾಗುತ್ತೆ ಅಂತ ಬರ್ಕೊಂಡಿದೀವಿ. ನೀವು ಅದೇ ಆಹಾರ ತಿಂದಾಗ ಅದನ್ನೇ ನಿಮ್ಮ ಮಿದುಳಲ್ಲಿ ನುಡಿಸ್ತೀವಿ.”

“ಅವ್ರು ತಿಂದಿದ್ದು ನನ್ ಬಾಯಾಗೆ ಬರುತ್ತೆ.”

“ಹೆಚ್ಚುಕಮ್ಮಿ ಹಾಗೇ.”

“ಅಂಗಾರೆ ಎಂಜಲು ಅನ್ನಿ.”

ಮೂಲೆಯಲ್ಲಿ ಯಂತ್ರದ ತಿರುಪು ಬಿಗಿ ಮಾಡುತ್ತಿದ್ದ ಇಮ್ತಿಯಾಜ್ ನಕ್ಕ. “ಕರೆಂಟಿನ ಎಂಜಲು ಅಕ್ಕ. ಮೈಲಿಗೆ ಆಗಲ್ಲ.”

ಇಮ್ತಿಯಾಜ್ ಆ ಪ್ರಯೋಗಾಲಯದ ತಂತ್ರಜ್ಞ. ರುಚಿಕಾರರಿಗೆ ಆಹಾರ ಬೇಯಿಸಿ, ಅಳತೆ ಮಾಡಿ, ನಂಬರು ಹಾಕಿ ಬಡಿಸಿದವನೂ ಅವನೇ, ಉಳಿದದ್ದನ್ನು ಎತ್ತಿದವನೂ ಅವನೇ. ಆವತ್ತು ಪಟ್ಟಿ ಅಂಟಿಸಿ, ಗುಂಡಿ ಚಾಲೂ ಮಾಡಿ, ಹನುಮಕ್ಕನ ಮುಂದೆ ಒಂದು ಬಟ್ಟಲು ಉಪ್ಪಿಟ್ಟು ಇಟ್ಟ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಹನ್ನೊಂದು ಜನರಲ್ಲಿ ಏಳು ಜನ ಇಲ್ಲಿ ಅತ್ತಿದ್ದರು.

ಹನುಮಕ್ಕ ಅಗಿದಳು. ಮೊದಲು ಬಂದದ್ದು ಉಪ್ಪು. ಹೇಳದೆ ಕೇಳದೆ ಊರು ಬಿಟ್ಟು ಹೋಗಿದ್ದ ಮನುಷ್ಯ ಏನೂ ಆಗದವನ ಹಾಗೆ ಬಾಗಿಲು ತಳ್ಳಿಕೊಂಡು ಬಂದಂತೆ ಬಂತು. ಅದರ ಹಿಂದೆ ರವೆಯ ಸಣ್ಣ ಸಿಹಿ, ನಿಂಬೆಯ ಹುಳಿ. ಕೊನೆಗೆ ನಾಲಗೆಯ ಬುಡದಲ್ಲಿ ಒಂದು ಕಹಿ.

“ಉಪ್ಪು ಸರಿಯಾಗೈತೆ” ಎಂದಳು. “ಒಗ್ಗರಣೆ ಸೀದೈತೆ. ಯಾರು ಮಾಡಿದ್ದು?”

“ನಾನೇ” ಎಂದ ಇಮ್ತಿಯಾಜ್.

“ಸಾಸಿವೆ ಸಿಡಿದ ಮೇಲೆ ಯಾರತ್ರಾನೋ ಮಾತಾಡ್ತಾ ನಿಂತಿದೀಯಾ.”

ಅನಘಾ ಕಾಗದದಲ್ಲಿ ಬರೆದುಕೊಂಡಳು: ಪೂರ್ಣ ಯಶಸ್ವಿ. ಮೂರು ವಾರ ಹೀಗೇ ನಡೆದರೆ ಪ್ರಮಾಣಪತ್ರ.

*

ಶಾಲೆಯಲ್ಲಿ ಹತ್ತು ದಿನ ಚಿತ್ರಾನ್ನ, ಬಿಸಿಬೇಳೆಬಾತು, ಹುಳಿ ಎಲ್ಲ ಹದವಾಗಿ ಹೋದವು. ಹನುಮಕ್ಕ ರುಚಿ ಪುಸ್ತಕದಲ್ಲಿ ಮತ್ತೆ ಸಹಿ ಹಾಕತೊಡಗಿದಳು. ಜೋಮು ಹಿಡಿದ ಬೆರಳಿಗೆ ಉಪ್ಪಿನ ಚಿಟಿಕೆ ನಿಲ್ಲದೆ ಒಂದು ಅಳತೆಯ ಚಮಚ ಇಟ್ಟುಕೊಂಡಳು. ಒಲೆಯ ಪಕ್ಕ ಟೇಬಲ್ ಫ್ಯಾನು ಇಟ್ಟು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಸ್ಟೂಲಿನ ಮೇಲೆ ಕೂತು ಅಡುಗೆ ಮಾಡಿದಳು.

ಎರಡನೇ ಭಾನುವಾರ ಮನೆಯಲ್ಲಿ ಕೊರಬಾಡಿನ ಸಾರು.

ಮನೆಯಲ್ಲಿ ಇಬ್ಬರೇ. ಗಂಡ ರೈಲ್ವೆ ಗ್ಯಾಂಗಿನಲ್ಲಿ ಕೆಲಸ, ತಿಂಗಳಲ್ಲಿ ಇಪ್ಪತ್ತು ದಿನ ಹಳಿಯ ಮೇಲೆ. ಉಳಿದವಳು ಅತ್ತೆ ಕದುರಮ್ಮ, ಎಪ್ಪತ್ತಾರರ ಮುದುಕಿ. ಹನುಮಕ್ಕನ ಅಪ್ಪನ ಸ್ವಂತ ಅಕ್ಕ, ಹಾಗಾಗಿ ಇಬ್ಬರ ನಡುವೆ ಮರ್ಯಾದೆಯ ಬಹುವಚನ ಎಂದೂ ಬಂದಿರಲಿಲ್ಲ. ಎಮ್ಮೆ ಬಾಡನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ಸವರಿ, ತಾರಸಿಯ ತಂತಿಗೆ ನೇತುಹಾಕಿ ನಾಲ್ಕು ಬಿಸಿಲು ಒಣಗಿಸಿದರೆ ಕೊರಬಾಡು. ಒಣಗಿಸುವುದು ಕದುರಮ್ಮನ ಕೆಲಸ. ಕಾಗೆ ಓಡಿಸುವ ಕೋಲನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟದ್ದಿಲ್ಲ. ಹುರುಳಿಕಾಳು ಹಾಕಿ ಸಾರು ಕಾಯಿಸುವುದು ಹನುಮಕ್ಕನ ಕೆಲಸ. ಬಟ್ಟಲು ಬಾಯಿಗಿಟ್ಟು “ಉಪ್ಪು ಕಮ್ಮಿ” ಎನ್ನುವುದು ಮತ್ತೆ ಕದುರಮ್ಮನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದು ತಪ್ಪಿರಲಿಲ್ಲ.

ಆವತ್ತೂ ಮುದುಕಿ, “ಉಪ್ಪು ಕಮ್ಮಿ” ಎಂದಳು.

“ಈಗ ಯಂತ್ರ ಐತೆ, ನೋಡೇ ಬಿಡೋಣ” ಎಂದು ಹನುಮಕ್ಕ ಮುದ್ದೆ ಮುರಿದು, ಸಾರಿಗದ್ದಿ, ಬಾಡಿನ ತುಣುಕಿನ ಜೊತೆ ಬಾಯಿಗಿಟ್ಟಳು.

ಹೊಟ್ಟೆ ಬುಡಸಮೇತ ಮೇಲೆದ್ದಿತು. ಅವಳು ಬಚ್ಚಲಿಗೆ ಓಡಿ ಉಗುಳಿ, ಗೋಡೆ ಹಿಡಿದು ನಿಂತಳು.

ಕದುರಮ್ಮ ಬಟ್ಟಲು ಎತ್ತಿ ಮೂಸಿದಳು. ಒಂದು ತುಣುಕು ಅಗಿದಳು. “ಕೆಟ್ಟಿಲ್ವಲ್ಲೇ. ನಾಕು ಬಿಸಿಲು ಕಂಡೈತೆ.”

ಹನುಮಕ್ಕ ಬಂದು ಮತ್ತೊಂದು ತುತ್ತು ಇಟ್ಟಳು. ಮತ್ತೆ ಅದೇ. ಪಟ್ಟಿ ಕಿತ್ತು ತಿಂದಳು: ಉರಿ ಮಾತ್ರ, ಬಾಕಿ ರಟ್ಟು. ಪಟ್ಟಿ ಅಂಟಿಸಿ ತಿಂದಳು: ವಾಂತಿ ಬಂದಂತಾಗಿ ಕಣ್ಣಲ್ಲಿ ನೀರು.

ಈ ಸಲ ಅವಳು ಓಡಲಿಲ್ಲ. ಬಾಯಿ ಮುಚ್ಚಿ ಕೂತು ಗಮನಿಸಿದಳು. ಅಡುಗೆಯವಳು ಅವಳು; ಹಳಸಿದ್ದು, ಮುಗ್ಗಿದ್ದು, ಹುಳಿತದ್ದು ಎಲ್ಲ ಅವಳಿಗೆ ಗೊತ್ತು. ಇದು ಅದ್ಯಾವುದೂ ಅಲ್ಲ. ಇದರಲ್ಲಿ ರುಚಿಯೇ ಇರಲಿಲ್ಲ. ಮೂಗು ಸೊಟ್ಟಗಾಗಿ, ಕತ್ತು ಹಿಂದಕ್ಕೆ ಸರಿದು, ತುಟಿಯ ಎಡತುದಿ ಕೆಳಗಿಳಿಯುವ ಒಂದು ಎಳೆತವಿತ್ತು. ಅವಳ ಮುಖ ತಾನಾಗಿಯೇ ಹಾಗೆ ತಿರುಗುತ್ತಿತ್ತು.

ಆ ಮುಖ ಅವಳಿಗೆ ಪರಿಚಯವಿತ್ತು. ಹೈಸ್ಕೂಲಿನ ಪ್ರವಾಸದ ಬಸ್ಸಿನಲ್ಲಿ ಇದೇ ಸಾರಿನ ಡಬ್ಬಿ ತೆರೆದಾಗ ಪಕ್ಕದಲ್ಲಿ ಕೂತಿದ್ದ ಹುಡುಗಿ ಇದೇ ಮುಖ ಮಾಡಿಕೊಂಡು ಎದ್ದು ಹಿಂದಿನ ಸೀಟಿಗೆ ಹೋಗಿದ್ದಳು. ಆಮೇಲೆ ಎಷ್ಟು ಬಸ್ಸು, ಎಷ್ಟು ಬಾಡಿಗೆ ಮನೆಯ ಬಾಗಿಲು, ಎಷ್ಟು ನಲ್ಲಿಕಟ್ಟೆ. ಆ ಮುಖವನ್ನು ಹನುಮಕ್ಕ ಇಲ್ಲಿಯವರೆಗೆ ಹೊರಗಿನಿಂದ ನೋಡಿದ್ದಳು. ಈಗ ಅದು ಅವಳ ಮುಖದ ಒಳಗಿತ್ತು, ಅವಳ ಮನೆಯ ಬಟ್ಟಲಿನ ಮುಂದೆ.

“ಕರೆಂಟಿನ ನಾಲಗೆ ಕಟ್ಟಿಸ್ಕೊಂಡ್ ಬಂದವ್ಳೆ” ಎಂದಳು ಕದುರಮ್ಮ, ಯಾರಿಗೋ ಹೇಳುವಂತೆ. “ನಮ್ಮ ಸಾರು ಇನ್ನೆಲ್ಲಿ ಹಿಡ್ಸುತ್ತೆ ಬುಡು.”

ಮುದುಕಿ ಎರಡು ಮುದ್ದೆಯವಳು. ಆವತ್ತು ಒಂದಕ್ಕೇ ಕೈ ತೊಳೆದಳು.

*

ಮಂಗಳವಾರ ಹನುಮಕ್ಕ ಪ್ರಯೋಗಾಲಯಕ್ಕೆ ಸಾರಿನ ಡಬ್ಬಿ ತಂದಳು. ಅನಘಾ ಮುಚ್ಚಳ ತೆರೆದಳು. ತೆರೆದಷ್ಟೇ ಬೇಗ ಅರ್ಧ ಮುಚ್ಚಿದಳು. ಇಮ್ತಿಯಾಜ್ ಒಂದು ಚಮಚವನ್ನು ಇನ್ನೊಂದು ಪಟ್ಟಿಯ ಮೇಲೆ ಹಾಕಿ ಪರದೆ ನೋಡಿದ.

ಪರದೆಯಲ್ಲಿ ಬಂತು: ಹದಿನೇಳನೇ ತಟ್ಟೆಗೆ ಹೋಲಿಕೆ ನೂರಕ್ಕೆ ತೊಂಬತ್ನಾಲ್ಕು. ವರ್ಗ: ಕೆಟ್ಟದ್ದು.

“ಹೆದರಬೇಡಿ ಹನುಮಕ್ಕ ಅವ್ರೇ, ಯಂತ್ರ ಸರಿಯಾಗೇ ಕೆಲಸ ಮಾಡ್ತಿದೆ” ಎಂದಳು ಅನಘಾ. “ಕೆಟ್ಟ ಆಹಾರ ಬಾಯಿಗೆ ಹೋದರೆ ಉಗುಳಲಿ ಅಂತ ಒಂದು ಎಚ್ಚರಿಕೆ ಇಟ್ಟಿದೀವಿ. ಅದು ಇದನ್ನ ಕೆಟ್ಟದ್ದು ಅಂದುಕೊಂಡಿದೆ.”

“ಇದು ಕೆಟ್ಟಿಲ್ಲ.”

“ಇರಬಹುದು. ಒಂದು ಕೆಲಸ ಮಾಡೋಣ. ಅಡ್ಡಪರಿಣಾಮ ಅನ್ನೋ ಕಡೆ ‘ವಾಕರಿಕೆ’ ಅಂತ ಬರೀರಿ. ಇದೊಂದನ್ನ ತಿನ್ನುವಾಗ ಪಟ್ಟಿ ತೆಗೆದಿಡಿ. ಶಾಲೆಯಲ್ಲಿ ನೀವು ಇದನ್ನ ಮಾಡೋದಿಲ್ವಲ್ಲ, ಪ್ರಮಾಣಪತ್ರಕ್ಕೇನೂ ತೊಂದರೆ ಇಲ್ಲ.”

ಪ್ರಮಾಣಪತ್ರ ಮೇಜಿನ ಮೇಲೇ ಇತ್ತು, ಹೆಸರು ತುಂಬಿ, ಮೊಹರು ಒತ್ತಿ. ಕೊನೆಯ ವಾರದ ದಿನಾಂಕವೊಂದು ಬಾಕಿ. ಹನುಮಕ್ಕ ಅದನ್ನು ನೋಡಿದಳು. ವಾಕರಿಕೆ: ನಾಲ್ಕು ಅಕ್ಷರ. ಬರೆದು ಎದ್ದುಬಿಡಬಹುದಿತ್ತು.

“ಹದಿನೇಳನೇ ತಟ್ಟೇಲಿ ಏನಿತ್ತು?” ಎಂದು ಕೇಳಿದಳು.

ಅನಘಾ ಪುಟ ಹುಡುಕಿದಳು. ಇಮ್ತಿಯಾಜ್ ಹುಡುಕುವ ಅಗತ್ಯವಿರಲಿಲ್ಲ. “ಇದೇ ಅಕ್ಕ. ಕೊರಬಾಡು. ಎಲ್ಲಾ ಥರದ ಊಟ ಇರ್ಬೇಕು ಅಂತ ಲಿಸ್ಟ್ ಮಾಡಿದ್ರು. ನಾನೇ ಸಂತೆಪೇಟೆಯಿಂದ ತಂದು ಬೇಯಿಸಿದ್ದೆ. ಹದಿನೆಂಟನೇದು ಒಣಮೀನು, ಹತ್ತೊಂಬತ್ತನೇದು ಹಂದಿಬಾಡು, ಇಪ್ಪತ್ತನೇದು ರಕ್ತದ ಪಲ್ಯ.”

“ಇಪ್ಪತ್ನಾಕು ಜನಾನೂ ತಿಂದು ಕೆಟ್ಟದ್ದು ಅಂದ್ರಾ?”

ಇಮ್ತಿಯಾಜ್ ಅನಘಾಳ ಕಡೆ ನೋಡಿದ. “ಹದಿನೆಂಟು ಜನ ಮುಟ್ಟಲಿಲ್ಲ ಅಕ್ಕ. ಆರು ಜನ ಮುಚ್ಚಳ ತೆಗೆದು ಮೂಸಿ ನೋಡಿದ್ರು. ತಲೆಗೆ ಮಿದುಳು ದಾಖಲಿಸೋ ತಂತಿ ಟೋಪಿ ಹಾಕಿತ್ತಲ್ಲ, ಮೂಸಿದಾಗ ಏನು ಬಂತೋ ಅದೇ ದಾಖಲಾಯ್ತು. ತಟ್ಟೆಗಳು ಹೋದ ಹಾಗೇ ವಾಪಸ್ ಬಂದವು. ತಿಂದಿದ್ದು ನಾನೊಬ್ಬನೇ, ಅಡುಗೆಮನೇಲಿ ಕೂತ್ಕೊಂಡು.”

“ನಿನ್ ತಲೆಗೆ ಟೋಪಿ ಹಾಕಿದ್ರಾ?”

“ನಾನು ಬಡಿಸೋನು ಅಕ್ಕ. ರುಚಿಕಾರ ಅಲ್ಲ.”

ಅನಘಾ ವಿವರಿಸಲು ಹೊರಟಳು. ರುಚಿಕಾರರು ಚೀಟಿಯಲ್ಲಿ ಗುರುತು ಹಾಕಬೇಕಿತ್ತು. ಚೀಟಿಯಲ್ಲಿ ಮೂರೇ ಮನೆ: ಹಿತ, ಸಾಧಾರಣ, ಕೆಟ್ಟದ್ದು. ಮಿದುಳಿನಲ್ಲಿ ರುಚಿಯೂ ಹೇಸಿಗೆಯೂ ಏಳುವುದು ಒಂದೇ ಜಾಗದಲ್ಲಿ. ದಾಖಲೆಗೂ ಚೀಟಿಗೂ ತಾಳೆಯಾಯಿತು, ಯಂತ್ರ ಕಲಿತುಕೊಂಡಿತು. ಯಾರೂ ಬೇಕೆಂದು ಮಾಡಿದ್ದಲ್ಲ.

“ತಿಂದಿಲ್ಲ ಅನ್ನೋಕೆ ಮನೆ ಇರಲಿಲ್ವಾ?”

“ಇರಲಿಲ್ಲ. ನಮಗೆ ಹೊಳೀಲಿಲ್ಲ.”

ಹನುಮಕ್ಕ ಡಬ್ಬಿಯ ಮುಚ್ಚಳ ಪೂರ್ತಿ ಮುಚ್ಚಿ ಬಿಗಿ ಮಾಡಿದಳು. ಆರುನೂರು ಆಹಾರ ನೆನಪಿಟ್ಟುಕೊಳ್ಳುವ ಯಂತ್ರ ಕಟ್ಟಿದವರಿಗೆ ಇದೊಂದು ಹೊಳೆದಿರಲಿಲ್ಲ. ಹೊಳೆಯುವುದಕ್ಕೆ ಆ ಕೋಣೆಯಲ್ಲಿ ಈ ಸಾರು ಉಂಡವರೊಬ್ಬರು ಕುರ್ಚಿಯ ಮೇಲೆ ಇರಬೇಕಿತ್ತು. ಇದ್ದವನೊಬ್ಬ ತಟ್ಟೆ ಎತ್ತುತ್ತಿದ್ದ.

“ನಂಗೆ ನುಡಿಸ್ತಾ ಇರೋದು ಆ ಆರು ಜನದಲ್ಲಿ ಯಾರದ್ದು?”

ಇಮ್ತಿಯಾಜ್ ಪರದೆ ಒತ್ತಿದ. “ಒಂಬತ್ತನೇ ರುಚಿಕಾರರದ್ದು. ಅವ್ರದ್ದೇ ಎಲ್ಲಕ್ಕಿಂತ ಗಟ್ಟಿಯಾಗಿ ದಾಖಲಾಗಿತ್ತು. ಅದಕ್ಕೇ ಯಂತ್ರ ಅದನ್ನೇ ಆರಿಸ್ಕೊಂಡಿದೆ.”

“ಯಾರು ಅವ್ರು?”

ಅವನು ಹೆಸರು ಹೇಳುವಂತಿರಲಿಲ್ಲ. ಪರದೆಯನ್ನೇ ನೋಡುತ್ತ ನಿಂತ.

“ನಾನು” ಎಂದಳು ಅನಘಾ. “ಮೊದಮೊದಲು ಜನ ಸಿಗ್ತಿರಲಿಲ್ಲ. ಪ್ರಯೋಗಾಲಯದವರೇ ನಾಲ್ಕು ಜನ ಕೂತಿದ್ವಿ.”

ಹನುಮಕ್ಕ ಆ ಮುಖವನ್ನು ನೋಡಿದಳು. ಒಳ್ಳೆಯ ಮುಖ. ತುಟಿಯ ಎಡತುದಿ ಸ್ವಲ್ಪ ಕೆಳಗಿತ್ತು.

“ಮೇಡಂ, ನೀವು ತಿನ್ನದೇ ಇರೋದು ತಪ್ಪಲ್ಲ” ಎಂದಳು. “ನಿಮ್ಮನೇಲಿ ಮಾಡಲ್ಲ, ತಿನ್ನಲ್ಲ, ಆಯ್ತು. ತಿನ್ನದೇ ಕೆಟ್ಟದ್ದು ಅಂತ ಗುರುತು ಹಾಕಿದ್ರಲ್ಲ, ಅದು. ನಮ್ಮ ಶಾಲೇಲಿ ಉಣ್ಣದೆ ಸಹಿ ಹಾಕಂಗಿಲ್ಲ. ಐದನೇ ಕ್ಲಾಸು ಓದಿದ ಸಹಾಯಕಿಗೂ ಅದು ಗೊತ್ತು.”

“ನಾನು ಕ್ಷಮೆ ಕೇಳ್ತೀನಿ.”

“ಕ್ಷಮೆ ಬ್ಯಾಡ. ಕಾಗದ ಕೊಡಿ. ಅಡ್ಡಪರಿಣಾಮ ರೋಗಿ ಮಾತಲ್ಲೇ ಬರೀಬೇಕು ಅಂತ ಮೇಲೆ ಅಚ್ಚಾಗೈತೆ.”

ಜೋಮು ಹಿಡಿದ ಬೆರಳಿನಲ್ಲಿ ಪೆನ್ನು ಜಾರುತ್ತಿತ್ತು. ಎರಡು ಸಲ ನೆಲಕ್ಕೆ ಬಿತ್ತು. ಇಮ್ತಿಯಾಜ್ ಎತ್ತಿಕೊಟ್ಟ, ತಾನು ಬರೆದುಕೊಡುತ್ತೇನೆ ಎನ್ನಲಿಲ್ಲ. ಅವಳು ಬರೆದಳು: ‘ತಿನ್ನದವರ ಹೇಸಿಗೆ ನನ್ನ ಬಾಯಿಗೆ ಬಂದಿದೆ. ವಾಕರಿಕೆ ನನ್ನದಲ್ಲ.’

ಅನಘಾ ಓದಿ ಕಾಗದವನ್ನು ಮೊಹರು ಒತ್ತಿದ ಪ್ರಮಾಣಪತ್ರದ ಪಕ್ಕ ಇಟ್ಟಳು. “ಹೀಗೆ ಬರೆದ್ರೆ ಏನಾಗುತ್ತೆ ಗೊತ್ತಾ ಹನುಮಕ್ಕ ಅವ್ರೇ? ಬೇರೆಯವ್ರ ಭಾವನೆ ರೋಗಿಗೆ ದಾಟಿದೆ ಅಂತಾದ್ರೆ ನಿಯಮದ ಪ್ರಕಾರ ಪ್ರಯೋಗ ನಿಲ್ಲಿಸಬೇಕು. ಭಂಡಾರ ಪೂರ್ತಿ ತನಿಖೆ ಆಗಬೇಕು. ಹನ್ನೆರಡೂ ಜನರ ಪಟ್ಟಿ ವಾಪಸ್ ತಗೋಬೇಕು. ಜೂನ್ ಹದಿನೈದು ದಾಟಿಹೋಗುತ್ತೆ.”

“ಗೊತ್ತಾಯ್ತು.”

“ನಿಮ್ಮ ಕೆಲಸ?”

“ನಾನು ಉಂಡು ಬರ್ದಿದೀನಿ ಮೇಡಂ. ಇನ್ನು ನೀವು ಸಹಿ ಹಾಕ್ಬೇಕು.”

ಅನಘಾ ಸಹಿ ಹಾಕಿದಳು. ಇಮ್ತಿಯಾಜ್ ಹನುಮಕ್ಕನ ಅಂಗುಳದಿಂದ ಪಟ್ಟಿ ಬಿಡಿಸಿ ಗಾಜಿನ ಡಬ್ಬಿಯಲ್ಲಿಟ್ಟ. ಮನೆಗೆ ಹೋಗುವ ದಾರಿಯಲ್ಲಿ ಅವಳು ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದಳು. ಬಿಸಿನೀರು.

*

ಜೂನ್ ಹದಿನೈದರಂದು ಹೆಡ್‌ಮಾಸ್ತರು ಸೌಟನ್ನು ಸುಜಾತ ಎಂಬ ಸಹಾಯಕಿಗೆ ಕೊಟ್ಟರು. ಹನುಮಕ್ಕ ಮತ್ತೆ ಈಳಿಗೆಮಣೆಯ ಮುಂದೆ ಕೂತು ಬೀನ್ಸ್ ಹೆಚ್ಚಿದಳು. ಹಳೆಯ ಆರು ವರ್ಷಕ್ಕೆ ಮರಳಿದಂತಿತ್ತು. ಬೆರಳು ಮಾತ್ರ ಈಗಿನವು, ಎಲ್ಲಿ ಕುಯ್ದುಕೊಂಡವೆಂದು ರಕ್ತ ಕಂಡ ಮೇಲೆಯೇ ತಿಳಿಯುತ್ತಿತ್ತು. ಸುಜಾತ ಸಾರಿನ ಮುಂದೆ ಸೌಟು ಹಿಡಿದು, “ಅಕ್ಕ, ಇನ್ನೊಂಚೂರು ಹುಣಸೆ?” ಎಂದು ಕೇಳಿದರೆ ಹನುಮಕ್ಕ ಪರಿಮಳ ಹಿಡಿದು, ಕುದಿಯುವ ಸದ್ದು ಕೇಳಿ ಹೇಳುತ್ತಿದ್ದಳು. ರುಚಿ ಪುಸ್ತಕದಲ್ಲಿ ಸಹಿ ಸುಜಾತಳದು.

“ನಿನ್ ಕೈಯಾರೆ ಬಿಟ್ಟೆಯಲ್ಲೇ ಹನುಮಿ” ಎಂದಳು ಕದುರಮ್ಮ. “ಒಂದು ತುಂಡು ಬಾಡಿಗೋಸ್ಕರ. ನಾನಾಗಿದ್ರೆ ವಾಕರಿಕೆ ಅಂತ ಬರ್ದು, ಸೌಟು ಹಿಡ್ಕೊಂಡು, ಮನೆಗ್ ಬಂದು ಪಟ್ಟಿ ಕಿತ್ತು ತಿಂತಿದ್ದೆ.”

“ನೀನು ಅಂಗೇ ಮಾಡ್ತಿದ್ದೆ, ಗೊತ್ತು.”

“ಬುದ್ಧಿವಂತ್ರು ಅಂಗೇ ಮಾಡದು.”

ಬುದ್ಧಿವಂತರು ಹಾಗೇ ಮಾಡಿದ್ದರು. ಜುಲೈ ಕೊನೆಯಲ್ಲಿ ಇಮ್ತಿಯಾಜ್ ಫೋನು ಮಾಡಿ ಹೇಳಿದ. ಹನುಮಕ್ಕನ ಕಾಗದ ಹಿಡಿದುಕೊಂಡು ಅನಘಾ ಉಳಿದ ಹನ್ನೊಂದು ಜನರ ಮನೆಗೆ ಖುದ್ದಾಗಿ ಹೋಗಿದ್ದಳು. ಅವರಲ್ಲಿ ಮೂರು ಜನರ ಕಾಗದದಲ್ಲಿ ಆಗಲೇ ‘ವಾಕರಿಕೆ’ ಎಂದಿತ್ತು. ಒಬ್ಬಳು ಬೆಸ್ತರ ಹೆಂಗಸು, ಅವಳಿಗೆ ಒಣಮೀನು. ಒಬ್ಬ ಬುಟ್ಟಿ ಹೆಣೆಯುವವನು, ಅವನಿಗೆ ಹಂದಿಬಾಡು. ಇನ್ನೊಬ್ಬ ಕಟುಕರ ಮನೆಯ ಮೇಷ್ಟ್ರು, ರಕ್ತದ ಪಲ್ಯ. ಮೂವರೂ ರೋಗ ತಮ್ಮದೇ, ಹೊಟ್ಟೆ ತಮ್ಮದೇ ಎಂದುಕೊಂಡಿದ್ದರು; ಇಬ್ಬರು ಸದ್ದಿಲ್ಲದೆ ಪಟ್ಟಿ ತೆಗೆದು ಉಣ್ಣುತ್ತಿದ್ದರು. ಮೇಷ್ಟ್ರಂತೂ ಆ ಪಲ್ಯವನ್ನೇ ಬಿಟ್ಟುಬಿಟ್ಟಿದ್ದರು. ಈಗ ಮೂವರೂ ಹೊಸದಾಗಿ ಬರೆದುಕೊಟ್ಟಿದ್ದರು, ತಮ್ಮ ತಮ್ಮ ಮಾತಿನಲ್ಲಿ. ನಾಲ್ಕು ಕಾಗದ ಒಟ್ಟಿಗೆ ಬಂದಾಗ ಪ್ರಯೋಗಾಲಯದ ಮೇಲಿನವರಿಗೆ ಪಕ್ಕಕ್ಕೆ ಸರಿಸಿಡಲು ಆಗಲಿಲ್ಲ.

“ಚೀಟಿಗೆ ನಾಲ್ಕನೇ ಮನೆ ಬಂತು ಅಕ್ಕ, ‘ತಿಂದಿಲ್ಲ’ ಅಂತ” ಎಂದ ಇಮ್ತಿಯಾಜ್. “ಅದಕ್ಕೆ ಗುರುತು ಬಿದ್ರೆ ದಾಖಲೆ ಅಳಿಸಬೇಕು. ಆರುನೂರರಲ್ಲಿ ನಲವತ್ತೊಂದು ತಟ್ಟೆ ಅಳಿಸಿಹೋಯ್ತು. ಈಗ ಅವನ್ನ ತಿನ್ನೋರು ಬೇಕು. ನಿಮ್ಮನೇಲಿ ಕೊರಬಾಡು ಚೆನ್ನಾಗಿ ತಿನ್ನೋರು ಯಾರಾದ್ರೂ ಇದಾರಾ?”

*

ಕದುರಮ್ಮ ಹೊಸ ಸೀರೆ ಉಟ್ಟು ಬಂದಳು. ಕುರ್ಚಿಯ ಮೇಲೆ ಕೂರಿಸಿ, ತಂತಿಗಳ ಟೋಪಿ ತೊಡಿಸಲು ಹೋದಾಗ ಇಮ್ತಿಯಾಜನ ಕೈ ಹಿಡಿದುಕೊಂಡಳು.

“ಇದು ಇಕ್ಕುದ್ರೆ ನನ್ ತಲೇಲಿರೋದೆಲ್ಲ ಗೊತ್ತಾಯ್ತದಾ?”

“ರುಚಿ ಮಾತ್ರ ಅಜ್ಜಿ.”

“ಸದ್ಯ. ಈ ಹನುಮಿ ಮೇಲಿರೋದೆಲ್ಲ ಗೊತ್ತಾಗ್ಬಿಟ್ರೆ ಮನೇಲಿ ಮುದ್ದೆ ಹುಟ್ಟಕಿಲ್ಲ.”

ಸಾರು ಕಾಯಿಸಿದವಳು ಹನುಮಕ್ಕನೇ, ಪ್ರಯೋಗಾಲಯದ ಅಡುಗೆಮನೆಯಲ್ಲಿ, ಸತ್ತ ನಾಲಗೆಯಲ್ಲಿ. ಉಪ್ಪನ್ನು ಚಮಚದಲ್ಲಿ ಅಳೆದು ಹಾಕಿದ್ದಳು. ಬಾಡು ಕದುರಮ್ಮನ ತಂತಿಯದು, ನಾಲ್ಕು ಬಿಸಿಲು. ಅನಘಾ ಗಾಜಿನ ಆಚೆ ನಿಂತಿದ್ದಳು. ತಟ್ಟೆ ತಂದು ಇಟ್ಟವಳು ಈ ಸಲ ಅವಳೇ. ಇಡುವಾಗ ಉಸಿರು ಬಿಗಿಹಿಡಿದಿದ್ದಳು; ಆದರೂ ಇಟ್ಟಳು. ಹನುಮಕ್ಕ ಅದನ್ನು ಗಮನಿಸಿ ಬೇರೆ ಕಡೆ ನೋಡಿದಳು. ಇಮ್ತಿಯಾಜನ ತಲೆಯ ಮೇಲೂ ಒಂದು ಟೋಪಿ ಇತ್ತು, ಅವನ ಮುಂದೆಯೂ ಒಂದು ತಟ್ಟೆ.

ಮುದುಕಿ ಮುದ್ದೆ ಮುರಿದು, ಅದ್ದಿ, ಬಾಡಿನ ತುಣುಕು ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ಹೊರಳಿಸಿ ನಿಧಾನಕ್ಕೆ ಅಗಿದಳು. ಪರದೆಯ ಮೇಲೆ ಗೆರೆಗಳು ಎದ್ದವು.

“ಹೇಗಿದೆ ಅಜ್ಜಿ?” ಎಂದು ಅನಘಾ ಚೀಟಿ ಹಿಡಿದು ಕೇಳಿದಳು.

“ಉಪ್ಪು ಕಮ್ಮಿ” ಎಂದಳು ಕದುರಮ್ಮ.

“ಹಿತ, ಸಾಧಾರಣ, ಕೆಟ್ಟದ್ದು, ತಿಂದಿಲ್ಲ. ಯಾವುದಕ್ಕೆ ಗುರುತು ಹಾಕ್ಲಿ?”

“ಸಾಧಾರಣ ಅಂತ ಹಾಕವ್ವ.” ಹೇಳುತ್ತಲೇ ಇನ್ನೊಂದು ತುತ್ತು ಮುರಿದಳು.

ಇಮ್ತಿಯಾಜ್ ತನ್ನ ತಟ್ಟೆ ನೆಕ್ಕಿ, ಎದ್ದು ಪರದೆ ನೋಡಿದ. ಗೆರೆಯನ್ನೂ ಚೀಟಿಯನ್ನೂ ನೋಡಿದ. ಚೀಟಿಯನ್ನು ಮಗುಚಿಟ್ಟು, “ಅಜ್ಜೀದೇ ಗಟ್ಟಿಯಾಗಿ ದಾಖಲಾಗಿದೆ. ಇನ್ಮೇಲೆ ನಾಡಿನಲ್ಲಿ ಯಾರು ಈ ಪಟ್ಟಿ ಹಾಕ್ಕೊಂಡು ಕೊರಬಾಡು ತಿಂದ್ರೂ ಅಜ್ಜಿ ಬಾಯಿರುಚಿಯಲ್ಲೇ ತಿಂತಾರೆ” ಎಂದ.

“ಅವ್ರಿಗ್ಯಾರು ಕೊಡ್ತಾರೆ” ಎಂದಳು ಕದುರಮ್ಮ. “ನಮ್ಗೇ ಸಾಲ್ದು.”

ಭಂಡಾರಕ್ಕೆ ದಾಖಲೆ ಸೇರಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಹನುಮಕ್ಕನ ಅಂಗುಳಕ್ಕೆ ಪಟ್ಟಿ ಅಂಟಿಸಿದರು. ಇದೊಂದು ಪರೀಕ್ಷೆ ಸರಿಬಂದರೆ ಪ್ರಮಾಣಪತ್ರ, ಸೋಮವಾರದಿಂದ ಸೌಟು ಅವಳದು. ಅದೇ ಪಾತ್ರೆಯ ಸಾರು, ತಣ್ಣಗಾಗುತ್ತ ಬಂದಿತ್ತು. ಅವಳು ತುಣುಕನ್ನು ಬಾಯಿಗಿಟ್ಟಳು.

ಮೊದಲು ಹೊಗೆ, ಬಿಸಿಲು. ಆಮೇಲೆ ಬಾಡಿನ ಗಟ್ಟಿ ಸವಿ, ಹುರುಳಿಯ ಒಗರು, ಅಂಚಿನಲ್ಲಿ ಹುಣಸೆ. ಎಲ್ಲವನ್ನೂ ಹಿಡಿದು ಕಟ್ಟಿದಂತೆ ಉಪ್ಪು. ಉಪ್ಪು ಹೆಚ್ಚೂ ಇರಲಿಲ್ಲ, ಕಮ್ಮಿಯೂ ಇರಲಿಲ್ಲ. ಎಲ್ಲಿರಬೇಕೋ ಅಲ್ಲಿತ್ತು. ಅದರ ಮೇಲೆ ಇನ್ನೊಂದು ಬಂತು, ಆರು ಜನ ರುಚಿಕಾರರ ಮುಚ್ಚಳದ ಕೆಳಗೆ ಎಂದೂ ದಾಖಲಾಗಿರದಿದ್ದದ್ದು: ದಿನವಿಡೀ ಕಾದು ಕೂತವಳ ಹಸಿವು ಮೊದಲ ತುತ್ತಿಗೆ ಕಣ್ಣು ಮುಚ್ಚುವಾಗಿನ ಸುಖ. ಇಂಥದ್ದನ್ನು ಇನ್ನೆಲ್ಲೂ ಉಂಡಿಲ್ಲ ಎಂಬ ಒಂದು ಖಾತ್ರಿ. ಅದು ಈ ಸಾರಿಗೆ, ಈ ಕೈಗೆ, ಇಪ್ಪತ್ತೆರಡು ವರ್ಷದಿಂದ.

ಹನುಮಕ್ಕ ಅಗಿಯುವುದನ್ನು ನಿಲ್ಲಿಸಿ ಅತ್ತೆಯನ್ನು ನೋಡಿದಳು.

“ಹೆಂಗೈತೆ?” ಎಂದಳು ಕದುರಮ್ಮ.

“ನಿಂಗೆ ಹೆಂಗಿತ್ತೋ ಅಂಗೇ ಐತೆ.”

ಮುದುಕಿಯ ಕೈ ತಟ್ಟೆಯ ಮೇಲೆ ನಿಂತಿತು. ಅವಳು ಇಮ್ತಿಯಾಜನನ್ನು ನೋಡಿದಳು, ಅವನು ಪರದೆಯ ಹಿಂದೆ ಬಗ್ಗಿದ.

“ಉಪ್ಪು ಕಮ್ಮಿ ಅಂದಿದ್ದೆ ನಾನು.”

“ಅಂದಿದ್ದೆ” ಎಂದಳು ಹನುಮಕ್ಕ, ಮತ್ತೊಂದು ತುಣುಕು ಎತ್ತಿಕೊಳ್ಳುತ್ತ.

ಕದುರಮ್ಮ ಹೊಸ ಸೀರೆಯ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಕಳ್ಳತನದ ಗುರುತು ಅಳಿಸುವವಳ ಹಾಗೆ.